ಯುಗಾದಿ ಆಚೀಚೆ ಬೆಂಗಳೂರಿಂದ ಎಲ್ಲಿಗೆ ಹೋಗೋದು: ಊರಿನ ಮರಗಳಾ, ಕೆರೆಯಾ, ಬೆಟ್ಟವಾ, ಕಾವೇರಿ ದಡವಾ?

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎಂದು ನಮ್ಮಲ್ಲಿ ಹಳೇ ಮಾತು. ಅಲ್ಲಿಂದ ಏಪ್ರಿಲ್ ಕೊನೆಯವರೆಗೆ ಬೆಂಗಳೂರಿನವರಿಗೆ ಹೊರಗೆ ಓಡಾಡೋದಕ್ಕೆ ತುಂಬಾ ಒಳ್ಳೆಯ ಕಾಲ. ಮರಗಳು ಹೂ ಬಿಟ್ಟಿರುತ್ತವೆ, ಹೊಸ ಚಿಗುರು ಬಂದಿರುತ್ತದೆ, ಕಾವೇರಿ ಕಡೆ ಹಕ್ಕಿಗಳು ಗೂಡು ಕಟ್ಟಿ ಮರಿ ಸಾಕುತ್ತಿರುತ್ತವೆ, ಮಳೆಯ ಕಾಟವೂ ಕಡಿಮೆ. ದೊಡ್ಡ ತೊಂದರೆ ಬಿಸಿಲು. ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿ 33, 34 ಡಿಗ್ರಿ ಸಾಮಾನ್ಯ. 2016ರ ಏಪ್ರಿಲ್‌ನಲ್ಲಂತೂ 39 ದಾಟಿತ್ತು.

ಹಾಗಾಗಿ ಈ ಕಾಲದಲ್ಲಿ ಜಾಗ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನೀವು ಎಲ್ಲಿರುತ್ತೀರಿ? ಅಷ್ಟು ಹೊತ್ತಿಗೆ ಮನೆಗೆ ವಾಪಸ್ ಬಂದಿರುತ್ತೀರಾ, ಯಾವುದಾದರೂ ಮರದ ನೆರಳಲ್ಲಿ ಕೂತಿರುತ್ತೀರಾ, ಇಲ್ಲ ಬೋಳು ಬಂಡೆ ಮೇಲೆ ಅರ್ಧ ದಾರಿಯಲ್ಲಿರುತ್ತೀರಾ? ಇದಕ್ಕೆ ಉತ್ತರ ಸಿಕ್ಕರೆ ಮಿಕ್ಕಿದ್ದು ಸುಲಭ. ದೂರ, ಖರ್ಚು, ಫೋಟೋ ಎಲ್ಲ ಆಮೇಲೆ. ಫೋಟೋ ನೋಡಿ ಜಾಗ ಆರಿಸಿದರೆ ಕಷ್ಟ, ಯಾಕೆಂದರೆ ಅದನ್ನು ತೆಗೆದಿದ್ದು ಆಗಸ್ಟ್‌ನಲ್ಲಾ ಮಾರ್ಚ್‌ನಲ್ಲಾ ಅಂತ ಯಾರೂ ಬರೆದಿರುವುದಿಲ್ಲ.

ಎರಡು ಮೂರು ಗಂಟೆ ಮಾತ್ರ ಇದ್ದರೆ: ಊರು ಬಿಡಬೇಡಿ

ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ. ವಸಂತದಲ್ಲಿ ಬೆಂಗಳೂರಿನ ರಸ್ತೆಗಳಷ್ಟು ಚೆಂದದ ಜಾಗ ಸುತ್ತಮುತ್ತ ನೂರು ಕಿಲೋಮೀಟರ್‌ನಲ್ಲಿ ಜಾಸ್ತಿ ಇಲ್ಲ. ಇದು ತನ್ನಷ್ಟಕ್ಕೆ ಆಗಿದ್ದೂ ಅಲ್ಲ. 1908ರಲ್ಲಿ ಲಾಲ್‌ಬಾಗ್ ನೋಡಿಕೊಳ್ಳಲು ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರದಲ್ಲಿ ಹೂ ಮುಗಿಯುವಾಗ ಇನ್ನೊಂದರಲ್ಲಿ ಶುರುವಾಗುವ ಹಾಗೆ ಬೆಂಗಳೂರಿನ ರಸ್ತೆಗಳಲ್ಲಿ ಮರ ನೆಡಿಸಿದರು. ಅವರ ನಂತರ ಬಂದ ಜವರಾಯ, ಮರಿಗೌಡ ಅದನ್ನು ಮುಂದುವರಿಸಿದರು. ಅದರ ಫಲ ನಾವು ಈಗ ನೋಡುತ್ತಿದ್ದೇವೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಳದಿ ಟಬೂಬಿಯ ಒಂದೂ ಎಲೆ ಇಲ್ಲದೆ ಬರೀ ಹೂವಾಗಿ ನಿಂತಿರುತ್ತದೆ. ಆಮೇಲೆ ಜಕರಂಡದ ನೇರಳೆ. ಅಷ್ಟರಲ್ಲಿ ಹೊಂಗೆ ಮರ ಹಳೇ ಎಲೆ ಉದುರಿಸಿ ಹೊಳೆಯುವ ಎಳೆ ಹಸಿರು ತೊಟ್ಟಿರುತ್ತದೆ, ಬೇವು ಹೂ ಬಿಟ್ಟಿರುತ್ತದೆ. ಏಪ್ರಿಲ್‌ನಲ್ಲಿ ಗುಲ್‌ಮೊಹರ್ ಕೆಂಪಾಗುತ್ತದೆ, ಕಕ್ಕೆ ಮರದಲ್ಲಿ ಹಳದಿ ಗೊಂಚಲು ಇಳಿಬೀಳುತ್ತದೆ. ಗುಲಾಬಿ ಬಣ್ಣದ ಟಬೂಬಿಯ ಮಾತ್ರ ಹೇಳಿದ ಮಾತು ಕೇಳಲ್ಲ. ಒಂದು ವರ್ಷ ಡಿಸೆಂಬರ್‌ಗೇ ಅರಳಿ ಮುಗಿಯುತ್ತದೆ, ಇನ್ನೊಂದು ವರ್ಷ ಮಾರ್ಚ್‌ವರೆಗೂ ಇರುತ್ತದೆ. ಅದೊಂದನ್ನೇ ನಂಬಿಕೊಂಡು ದೂರದಿಂದ ಬರಬೇಡಿ.

ಕಬ್ಬನ್ ಪಾರ್ಕಾ ಲಾಲ್‌ಬಾಗಾ? ಎರಡಕ್ಕೂ ಮೆಟ್ರೋ ಇದೆ, ಕಬ್ಬನ್ ಪಾರ್ಕಿಗೆ ನೇರಳೆ ಮಾರ್ಗ, ಲಾಲ್‌ಬಾಗಿಗೆ ಹಸಿರು ಮಾರ್ಗ. ಹಾಗಾಗಿ ಹೋಗೋದು ಬರೋದು ಎರಡೂ ಒಂದೇ. ವ್ಯತ್ಯಾಸ ನೆರಳಿನಲ್ಲಿದೆ, ಜನರಲ್ಲಿದೆ. 1870ರಲ್ಲಿ ಶುರುವಾದ ಕಬ್ಬನ್ ಪಾರ್ಕಿಗೆ ಟಿಕೆಟ್ ಇಲ್ಲ, ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಬಿಡಲ್ಲ, ಮಕ್ಕಳು ಸೈಕಲ್ ಹೊಡೆಯುತ್ತಾರೆ, ಸ್ಕೇಟಿಂಗ್ ಮಾಡುತ್ತಾರೆ, ಯಾರೋ ಚಾಪೆ ಹಾಸಿಕೊಂಡು ಓದುತ್ತಿರುತ್ತಾರೆ, ಇನ್ಯಾರೋ ನಾಯಿ ಕರೆದುಕೊಂಡು ಬಂದಿರುತ್ತಾರೆ. ಬಿದಿರು ಮೆಳೆಯ ಕಡೆ ಮಧ್ಯಾಹ್ನವೂ ತಂಪು. ಲಾಲ್‌ಬಾಗ್ 240 ಎಕರೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ. ಮರಗಳ ಬಗ್ಗೆ ಆಸಕ್ತಿ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ, ಬಹಳ ಮರಗಳಿಗೆ ಹೆಸರಿನ ಫಲಕ ಹಾಕಿದ್ದಾರೆ. ಆ ದೊಡ್ಡ ಬಿಳಿ ಬೂರುಗದ ಬುಡದ ಮುಂದೆ ನಿಂತರೆ ದೊಡ್ಡವರೂ ಮಾತು ನಿಲ್ಲಿಸುತ್ತಾರೆ. ಕೆಂಪೇಗೌಡ ಗೋಪುರ ಇರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮೇಲೆ ನೆರಳಿಲ್ಲ, ಹತ್ತಿ ನೋಡಬೇಕೆಂದರೆ ಬೆಳಗ್ಗೆ ಏಳಕ್ಕೇ ಹತ್ತಿಬಿಡಿ.

ಚಿಕ್ಕ ಮಕ್ಕಳಿದ್ದರೆ ಭಾನುವಾರ ಕಬ್ಬನ್ ಪಾರ್ಕು. ಅಪ್ಪ, ಅಮ್ಮ, ಅಜ್ಜಿ ಜೊತೆಗಿದ್ದರೆ ವಾರದ ನಡುವೆ ಒಂದು ಬೆಳಗ್ಗೆ ಲಾಲ್‌ಬಾಗು, ಅಲ್ಲಿ ಕೂರೋದಕ್ಕೆ ಬೆಂಚು ಜಾಸ್ತಿ. ಎರಡೂ ಬೇಡ, ಜನರೇ ಬೇಡ ಅನ್ನುವವರು ಜಯನಗರ, ಬಸವನಗುಡಿ ಅಥವಾ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಬೆಳಗ್ಗೆ ಆರೂವರೆಗೆ ಸುಮ್ನೆ ನಡೆಯಿರಿ. ಕಸ ಗುಡಿಸುವ ಮೊದಲು ಹೋದರೆ ರಸ್ತೆ ತುಂಬಾ ಹೂ ಬಿದ್ದಿರುತ್ತದೆ. ನಡೆದಾದ ಮೇಲೆ ಹತ್ತಿರದ ದರ್ಶಿನಿಯಲ್ಲಿ ಇಡ್ಲಿ, ಕಾಫಿ. ಇದಕ್ಕಿಂತ ಕಡಿಮೆ ಖರ್ಚಿನ ಸುತ್ತಾಟ ನನಗೆ ಗೊತ್ತಿಲ್ಲ.

ಕೆರೆಗಳು: ಮಾರ್ಚ್ ಮುಗಿಯುವ ಮೊದಲು

ಕೆರೆ ಅಂದರೆ ಎಲ್ಲ ಕೆರೆಯೂ ಒಂದೇ ಥರ ಇಲ್ಲ. ಜಕ್ಕೂರು ಕೆರೆ ದೊಡ್ಡದು, ಸುತ್ತ ನಡೆಯಲು ದಾರಿ ಇದೆ. ಅಲ್ಲಿ ಕೊಳಚೆ ನೀರನ್ನು ಶುದ್ಧ ಮಾಡಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ಅದಕ್ಕೇ ಬೇಸಿಗೆಯಲ್ಲೂ ನೀರಿರುತ್ತದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಚಿಕ್ಕವು, ಅಲ್ಲಿನ ಜನರೇ ಮುಂದೆ ನಿಂತು ಉಳಿಸಿಕೊಂಡವು. ಇವುಗಳ ಹತ್ತಿರ ಮನೆ ಇದ್ದವರು ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ.

ಆದರೆ ಕೆರೆಗೆ ಹೋಗುವುದು ಹಕ್ಕಿ ನೋಡಲಿಕ್ಕೆ ಅಂತಾದರೆ ತಡ ಮಾಡಬೇಡಿ. ಚಳಿಗಾಲಕ್ಕೆ ಬಂದ ಬಾತುಗಳು ಮಾರ್ಚ್ ಹೊತ್ತಿಗೆ ಒಂದೊಂದಾಗಿ ಉತ್ತರಕ್ಕೆ ಹೊರಟಿರುತ್ತವೆ. ಏಪ್ರಿಲ್‌ನಲ್ಲಿ ಉಳಿಯುವುದು ಇಲ್ಲಿಯವೇ ಆದ ನೀರುಕಾಗೆ, ಬೆಳ್ಳಕ್ಕಿ, ನಾಮದ ಕೋಳಿ. ಸಂಜೆ ಹೋದರೆ ಸೊಳ್ಳೆ ಜಾಸ್ತಿ, ಮಕ್ಕಳಿಗೆ ತುಂಬು ತೋಳಿನ ಬಟ್ಟೆ ಹಾಕಿ. 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಕೊಡಲು ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಕೆರೆ ಈ ಕಾಲದಲ್ಲಿ ಬಹಳ ವರ್ಷ ಒಣಗಿರುತ್ತದೆ. ಅಲ್ಲಿಗೆ ಹೋಗುವುದಾದರೆ ನೀರಿನ ಆಸೆ ಬಿಟ್ಟು ಹುಲ್ಲುಗಾವಲು ನೋಡೋದಕ್ಕೆ ಹೋಗಿ. ಹುಲ್ಲಿನೊಳಗೆ ಗಾಡಿ ನುಗ್ಗಿಸಬೇಡಿ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿವೆ.

ಬೆಟ್ಟ: ಫೆಬ್ರವರಿಗೆ ಸರಿ, ಏಪ್ರಿಲ್‌ಗೆ ಯೋಚಿಸಿ

ಎಲ್ಲಿಗೆ ಹೋಗೋಣ ಅಂದ ಕೂಡಲೇ ಮನೆಯಲ್ಲಿ ಬರುವ ಮೊದಲ ಉತ್ತರ ನಂದಿ ಬೆಟ್ಟ. 1478 ಮೀಟರ್ ಎತ್ತರ, ಊರಿಂದ ಸುಮಾರು 60 ಕಿಲೋಮೀಟರ್, ಮೇಲೆ ಒಳ್ಳೆಯ ಮರಗಳ ನೆರಳು ಬೇರೆ. ಇವೆಲ್ಲ ನಿಜ. ಆದರೆ ಜನ ಹೋಗೋದು ಮೋಡ ನೋಡಲಿಕ್ಕೆ, ಆ ಮೋಡ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಕಾಣಿಸುವಂಥದ್ದು. ಮಾರ್ಚ್ ಭಾನುವಾರ ನಸುಕಿನಲ್ಲಿ ಎದ್ದು, ಬೆಟ್ಟದ ಬುಡದಲ್ಲಿ ಕಾರುಗಳ ಸಾಲಿನಲ್ಲಿ ನಿಂತು, ಮೇಲೆ ಹೋಗುವಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಾನೆ, ಮೋಡವೂ ಇರಲ್ಲ. ವಾರದ ನಡುವೆ ರಜೆ ಸಿಕ್ಕರೆ ಹೋಗಿ. ಶನಿವಾರ, ಭಾನುವಾರ ಮಾತ್ರ ಬಿಡುವಿದ್ದರೆ ನನ್ನ ಸಲಹೆ ಬೇರೆ: ಬೆಟ್ಟದ ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ, ಅಲ್ಲಿಗೆ ಹೋಗಿ. ಸಾವಿರ ವರ್ಷಕ್ಕೂ ಹಳೆಯ ಗುಡಿ, ಅಗಲವಾದ ಪ್ರಾಕಾರ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ, ಕಂಬಗಳ ಮಂಟಪದಲ್ಲಿ ಮಧ್ಯಾಹ್ನವೂ ಕಲ್ಲು ತಣ್ಣಗೆ. ಮೇಲೆ ಹೋದವರಲ್ಲಿ ಅರ್ಧದಷ್ಟು ಜನವೂ ಇಲ್ಲಿ ಇಳಿಯಲ್ಲ. ವಸಂತದಲ್ಲಿ ನನಗೆ ಬೆಟ್ಟಕ್ಕಿಂತ ಈ ಗುಡಿಯೇ ಇಷ್ಟ.

ಸಾವನದುರ್ಗ ಇದಕ್ಕೆ ಪೂರ್ತಿ ಉಲ್ಟಾ. ಮಾಗಡಿ ಹತ್ತಿರ, 1226 ಮೀಟರ್. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಗುಡ್ಡ, ಹೆಚ್ಚಿನವರು ಹತ್ತೋದು ಕರಿಗುಡ್ಡ. ಬುಡದಿಂದ ತುದಿಯವರೆಗೆ ಬಂಡೆ, ಬಂಡೆ, ಬಂಡೆ. ಕೆಲವು ಕಡೆ ಕೈ ಊರಿಯೇ ಹತ್ತಬೇಕು. ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ಒಂಬತ್ತೂವರೆ ಹತ್ತಾದ ಮೇಲೆ ಕಲ್ಲು ಕಾದು ಅಂಗೈ ಇಡಲು ಆಗಲ್ಲ. ಹಾಗಾಗಿ ಬೆಳಕು ಹರಿಯುತ್ತಿದ್ದ ಹಾಗೆ ಬುಡದಲ್ಲಿರಬೇಕು, ಒಬ್ಬರಿಗೆ ಎರಡು ಲೀಟರ್ ನೀರು ಬೇಕು, ಹಿಡಿತ ಇರುವ ಶೂ ಬೇಕು. ಮಕ್ಕಳು, ಮಂಡಿನೋವಿನವರು ಬೇಡವೇ ಬೇಡ. ಅವರು ಬುಡದಲ್ಲಿರುವ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಗುಡಿಗಳ ಹತ್ತಿರ ಮರದಡಿ ಇರಲಿ. ಬಂಡೆ ಸಂದುಗಳಲ್ಲಿ ಹೆಜ್ಜೇನು ಇರುತ್ತವೆ, ಜೋರು ಸೆಂಟು ಹಾಕಿಕೊಂಡು ಹೋಗೋದು, ಬೆಂಕಿ ಹಾಕೋದು ಯಾವುದೂ ಬೇಡ. ಇಳಿದು ಬಂದ ಮೇಲೆ ಸೆಖೆ ತಡೆಯಲಾಗದೆ ಹತ್ತಿರದ ಮಂಚನಬೆಲೆ ಜಲಾಶಯದಲ್ಲಿ ಈಜಲು ಹೋಗುತ್ತಾರೆ. ದಯವಿಟ್ಟು ಹೋಗಬೇಡಿ. ಅಲ್ಲಿ ಮುಳುಗಿ ಸತ್ತವರ ಸುದ್ದಿ ಪದೇ ಪದೇ ಬರುತ್ತದೆ.

ರಾಮನಗರದ ರಾಮದೇವರ ಬೆಟ್ಟ ಇವೆರಡರ ಮಧ್ಯೆ. ಮೆಟ್ಟಿಲುಗಳಿವೆ, ಅರ್ಧ ದಿನದಲ್ಲಿ ಮುಗಿಯುತ್ತದೆ. 2012ರಿಂದ ಅದು ರಣಹದ್ದುಗಳ ಧಾಮ. ಹದ್ದು ಕಂಡರೆ ಅದೃಷ್ಟ, ಈಗ ಬಹಳ ಕಡಿಮೆ ಉಳಿದಿವೆ. ಸದ್ದು ಮಾಡದೆ ಹೋಗಿ ಬನ್ನಿ. ಚಿಕ್ಕಬಳ್ಳಾಪುರದ ಹತ್ತಿರದ ಸ್ಕಂದಗಿರಿಯಂಥ ಬೆಟ್ಟಗಳಿಗೆ ಅರಣ್ಯ ಇಲಾಖೆಯಲ್ಲಿ ಮೊದಲೇ ಆನ್‌ಲೈನ್ ಬುಕಿಂಗ್ ಮಾಡಿರಬೇಕು. ಕಾಡ್ಗಿಚ್ಚಿನ ಭಯ ಇದ್ದಾಗ ಚಾರಣವನ್ನೇ ನಿಲ್ಲಿಸಿಬಿಡುತ್ತಾರೆ, ಹೊರಡುವ ಮೊದಲು ನೋಡಿಕೊಳ್ಳಿ. ಒಣಹುಲ್ಲಿನ ಕಾಲ, ಒಂದು ಬೀಡಿ ತುಂಡು ಸಾಕು ಗುಡ್ಡಕ್ಕೆ ಗುಡ್ಡವೇ ಉರಿಯಲು.

ಕಾವೇರಿ: ಇಡೀ ದಿನ ಇದ್ದರೆ ನನ್ನ ಓಟು ಇದಕ್ಕೆ

ಬೆಂಗಳೂರಿಗೆ ತನ್ನದೇ ನದಿ ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಹುಟ್ಟುವ ವೃಷಭಾವತಿ ಇದೆ, ಅದರ ದಡದಲ್ಲಿ ಇವತ್ತು ಕೂರಲು ಆಗದ ಹಾಗೆ ನಾವು ಮಾಡಿಟ್ಟಿದ್ದೇವೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನದಿ ದಡ ಬೇಕೆಂದರೆ ನಾವು ಕಾವೇರಿಗೇ ಹೋಗಬೇಕು. ನಲ್ಲಿಯಲ್ಲಿ ಬರುವ ನೀರೂ ಅಲ್ಲಿಂದಲೇ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪ್ ಮಾಡಿ ಮೇಲೆ ತರುತ್ತಾರೆ. ಮಕ್ಕಳಿಗೆ ಒಮ್ಮೆಯಾದರೂ ಆ ಹೊಳೆ ತೋರಿಸಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ವಸಂತದ ಕಾವೇರಿಯಲ್ಲಿ ನೀರು ಕಡಿಮೆ. ಹಾಗಾಗಿ ಜಲಪಾತಕ್ಕೆ ಅಂತ ಹೋಗೋದಾದರೆ ಇದು ಕಾಲ ಅಲ್ಲ. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ನೋಡಬೇಕಾದದ್ದು ಜುಲೈನಿಂದ ಅಕ್ಟೋಬರ್‌ವರೆಗೆ. 1902ರಿಂದ ಅಲ್ಲಿ ಕರೆಂಟು ತಯಾರಾಗುತ್ತಿದೆ, ಬೇಸಿಗೆಯಲ್ಲಿ ಇರುವ ಸ್ವಲ್ಪ ನೀರೂ ಅದಕ್ಕೇ ಹೋಗುತ್ತದೆ, ಬಂಡೆ ಮೇಲೆ ಉಳಿಯೋದು ಸಣ್ಣ ಎಳೆಗಳು. ಮಾರ್ಚ್‌ನಲ್ಲಿ ಹೋಗಿ ಬೇಸರ ಮಾಡಿಕೊಳ್ಳಬೇಡಿ.

ಹಕ್ಕಿಗೆ ಅಂತ ಹೋಗೋದಾದರೆ ಇದೇ ಕಾಲ. ರಂಗನತಿಟ್ಟು ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ. ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದಾಗ ಉಂಟಾದ ಸಣ್ಣ ಸಣ್ಣ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚದ ಕೊಕ್ಕಿನ ಬಿಳಿ ಹಕ್ಕಿ, ಹೆಜ್ಜಾರ್ಲೆ ಎಲ್ಲ ಗೂಡಿನಲ್ಲಿರುತ್ತವೆ. ದೋಣಿಯಲ್ಲಿ ಕೂತರೆ ಮರಿ ಬಾಯಿ ತೆರೆಯೋದು, ತಾಯಿ ಮೀನು ಕಕ್ಕಿ ಕೊಡೋದು ಬರಿಗಣ್ಣಿಗೇ ಕಾಣುತ್ತದೆ, ದುರ್ಬೀನು ಬೇಕಿಲ್ಲ. ಬಂಡೆ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುತ್ತಿರುತ್ತದೆ. ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು! ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಮೊದಲ ದೋಣಿಗಳಲ್ಲಿ ಕೂತುಬಿಡಿ. ಹತ್ತರ ಮೇಲೆ ಸಾಲು ಬೆಳೆಯುತ್ತದೆ, ಬಿಸಿಲೂ ಬೆಳೆಯುತ್ತದೆ.

ಇಲ್ಲಿಯ ದೊಡ್ಡ ಲಾಭ ಮಧ್ಯಾಹ್ನದ್ದು. ಬೆಟ್ಟದಲ್ಲಿ ಸಿಗದ ನೆರಳು ಶ್ರೀರಂಗಪಟ್ಟಣದಲ್ಲಿ ಸಿಗುತ್ತದೆ. ಸುತ್ತ ಕಾವೇರಿ ಹರಿಯುವ ದ್ವೀಪದ ಊರು ಅದು, ಒಂದಕ್ಕೊಂದು ಹತ್ತಿರ, ಆಟೋದಲ್ಲೇ ಎಲ್ಲ ಮುಗಿಸಬಹುದು. ರಂಗನಾಥಸ್ವಾಮಿ ಗುಡಿಗೆ ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಹೋಗಿ. ಬಿಸಿಲು ಏರಿದ ಮೇಲೆ ದರಿಯಾ ದೌಲತ್. 1784ರ ಮರದ ಅರಮನೆ, ಗೋಡೆ ತುಂಬಾ ಯುದ್ಧದ ಚಿತ್ರ, ಸುತ್ತ ತೋಟ, ಒಳಗೆ ಕಾಲಿಟ್ಟರೆ ತಂಪು. ಊಟ ಆದ ಮೇಲೆ ಟಿಪ್ಪು ಸಮಾಧಿ ಇರುವ ಗುಂಬಜ್ ತೋಟದಲ್ಲಿ ಸ್ವಲ್ಪ ಹೊತ್ತು ಕೂತು, ನಾಲ್ಕೂವರೆ ಐದಕ್ಕೆ ದ್ವೀಪದ ಪೂರ್ವದ ತುದಿಯ ಸಂಗಮಕ್ಕೆ ನಡೆಯಿರಿ. ಎರಡಾಗಿ ಒಡೆದ ಕಾವೇರಿ ಅಲ್ಲಿ ಮತ್ತೆ ಒಂದಾಗುತ್ತದೆ. ಹರಿಗೋಲು ಸಿಕ್ಕರೆ, ಲೈಫ್ ಜಾಕೆಟ್ ಕೊಟ್ಟರೆ ಮಾತ್ರ, ಒಂದು ಸುತ್ತು ಹೋಗಿ ಬನ್ನಿ. ದಡದಲ್ಲಿ ಕೂತು ಕಾಲು ನೆನೆಸಿಕೊಂಡರೂ ಸಾಕು.

ಕಾರು ಬೇಕೇ ಬೇಕು ಅಂತಿಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಮೈಸೂರು ಬಸ್ಸುಗಳು ಹೊರಡುತ್ತಲೇ ಇರುತ್ತವೆ. ತಡೆರಹಿತ ಬಸ್ಸು ಹತ್ತಬೇಡಿ, ಶ್ರೀರಂಗಪಟ್ಟಣದಲ್ಲಿ ನಿಲ್ಲಿಸುತ್ತಾರಾ ಅಂತ ಕಂಡಕ್ಟರ್‌ನ ಕೇಳಿಯೇ ಹತ್ತಿ. ರೈಲು ಇನ್ನೂ ಒಳ್ಳೆಯದು, ಸ್ಟೇಷನ್ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ. ಎಲ್ಲ ಎಕ್ಸ್‌ಪ್ರೆಸ್ಸೂ ಅಲ್ಲಿ ನಿಲ್ಲಲ್ಲ, ಅದೊಂದು ನೋಡಿಕೊಳ್ಳಿ. ಬೈಕಿನವರು ನೆನಪಿಡಿ, 2023ರ ಆಗಸ್ಟ್‌ನಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಸಿಗೋದು ಹಳೇ ದಾರಿಯಲ್ಲೇ.

ಅಷ್ಟು ದೂರ ಬೇಡ, ಹಕ್ಕಿ ಮಾತ್ರ ಬೇಕು ಅಂದರೆ ಕೊಕ್ಕರೆ ಬೆಳ್ಳೂರು. ಬೆಂಗಳೂರಿಂದ ಸುಮಾರು 80 ಕಿಲೋಮೀಟರ್, ಮದ್ದೂರಿಗೆ ಮೊದಲೇ ಎಡಕ್ಕೆ ತಿರುಗಿ ಒಳಗೆ ಹೋಗಬೇಕು. ಇಲ್ಲಿ ದೋಣಿ ಇಲ್ಲ, ದ್ವೀಪ ಇಲ್ಲ. ಊರ ನಡುವಿನ ಹುಣಸೆ ಮರಗಳ ಮೇಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಕೆಳಗೆ ಹಸು ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಅಂತ ಆ ಜನ ನಂಬಿಕೊಂಡು ಬಂದಿದ್ದಾರೆ, ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಲು ಊರಿನವರದೇ ಹೆಜ್ಜಾರ್ಲೆ ಬಳಗ ಇದೆ. ರಂಗನತಿಟ್ಟಿನಲ್ಲಿ ಹಕ್ಕಿಗಳು ಹೆಚ್ಚು, ಏರ್ಪಾಡು ಚೆನ್ನಾಗಿದೆ, ನೀರು ಇದೆ. ಕೊಕ್ಕರೆ ಬೆಳ್ಳೂರಿನಲ್ಲಿ ಮನುಷ್ಯರೂ ಹಕ್ಕಿಗಳೂ ಒಂದೇ ಬೀದಿಯಲ್ಲಿ ಬದುಕೋದು ಕಾಣುತ್ತದೆ. ಚಿಕ್ಕ ಮಕ್ಕಳಿಗೆ ಮೊದಲನೆಯದು, ಸ್ವಲ್ಪ ದೊಡ್ಡ ಮಕ್ಕಳಿಗೆ, ಪ್ರಶ್ನೆ ಕೇಳುವ ವಯಸ್ಸಿನವರಿಗೆ ಎರಡನೆಯದು. ಅದು ಜನರ ಮನೆ ಬಾಗಿಲು ಅನ್ನೋದು ಮರೆಯಬೇಡಿ, ಜೋರಾಗಿ ಹಾಡು ಹಾಕೋದು, ಡ್ರೋನ್ ಹಾರಿಸೋದು ಬೇಡ. ತಿನ್ನೋದು ಕುಡಿಯೋದು ಮನೆಯಿಂದಲೇ ಒಯ್ಯಿರಿ.

ಕನಕಪುರದ ಆಚೆ ಸಂಗಮ, ಮೇಕೆದಾಟು ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳಬೇಕು. ಜಾಗ ಚೆಂದ ಅನ್ನೋದರಲ್ಲಿ ಎರಡು ಮಾತಿಲ್ಲ. ನಂದಿ ಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಅಲ್ಲಿ ಕಾವೇರಿ ಸೇರುತ್ತದೆ, ಹರಿಗೋಲಿನಲ್ಲಿ ದಾಟಿ ಸುಮಾರು 4 ಕಿಲೋಮೀಟರ್ ಹೋದರೆ ಅಷ್ಟು ದೊಡ್ಡ ನದಿ ಕಲ್ಲಿನ ಕಿರಿದಾದ ಸಂದಿಯೊಳಗೆ ನುಗ್ಗುವುದು ಕಾಣುತ್ತದೆ. ಬೇಸಿಗೆಯಲ್ಲಿ ಸಂಗಮದ ಹತ್ತಿರ ನೀರು ಮೊಣಕಾಲಿನಷ್ಟೇ ಕಾಣುತ್ತದೆ. ಅದೇ ಅಪಾಯ. ಮೊಣಕಾಲು ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಮರಳು ಕುಸಿಯುತ್ತದೆ, ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಮೇಕೆದಾಟಿನ ಬಂಡೆಗಳಲ್ಲಿ ಸುಳಿ ಕೊರೆದ ಬಾವಿಯಂಥ ಹೊಂಡಗಳಿವೆ. ಮೊಸಳೆಯೂ ಇದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಈಜು ಬರುವ ಹುಡುಗರೇ ಇಲ್ಲಿ ಹೋಗಿದ್ದಾರೆ, ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಮುತ್ತತ್ತಿಯಲ್ಲೂ, ತಲಕಾಡಿನ ಮರಳ ದಡದಲ್ಲೂ ಇದೇ ಕಥೆ. ಊರಿನವರು ಇಳಿಯಬೇಡಿ ಅಂದ ಕಡೆ ಇಳಿಯಬೇಡಿ. ಕುಡಿದು ನೀರಿನ ಹತ್ತಿರ ಹೋಗಲೇಬೇಡಿ. ಬಾಟಲಿ ಒಡೆದು ಬರುವವರಿಗೆ ಏನು ಹೇಳಬೇಕೋ ಗೊತ್ತಾಗಲ್ಲ, ನಿಮ್ಮ ಮಕ್ಕಳು ಬರಿಗಾಲಲ್ಲಿ ನಡೆಯುವ ಮರಳು ಅದು.

ನೀರಿಗೆ ಇಳಿಯಲೇಬೇಕು, ಮೈ ನೆನೆಸಲೇಬೇಕು ಅನ್ನುವವರಿಗೆ ಕಾವೇರಿ ದಡದ ಭೀಮೇಶ್ವರಿಯ ಸರ್ಕಾರಿ ಕ್ಯಾಂಪು ವಾಸಿ. ಕಾಯಕಿಂಗ್, ಹರಿಗೋಲು ಎಲ್ಲ ಜೊತೆಗೊಬ್ಬರು ಇದ್ದು ಮಾಡಿಸುತ್ತಾರೆ. ಖರ್ಚು ಜಾಸ್ತಿ, ಮೊದಲೇ ಬುಕ್ ಮಾಡಬೇಕು. ಕಣಿವೆ ಆದ್ದರಿಂದ ಏಪ್ರಿಲ್‌ನಲ್ಲಿ ಸೆಖೆ ಬೆಂಗಳೂರಿಗಿಂತ ಬಹಳ. ಫೆಬ್ರವರಿಯಲ್ಲಿ ಹೋಗಿ.

ಹಾಗಾದರೆ ಯಾರಿಗೆ ಯಾವುದು

ಐದು ವರ್ಷದ ಒಳಗಿನ ಮಗು ಇದ್ದರೆ ಕಬ್ಬನ್ ಪಾರ್ಕು, ಕೆರೆ, ಅಷ್ಟೇ. ಎರಡು ಗಂಟೆ ಕಾರಿನಲ್ಲಿ ಕೂರಿಸಿ ಬಿಸಿಲಲ್ಲಿ ಇಳಿಸುವುದು ಆ ಮಗುವಿಗೂ ಬೇಡ, ನಿಮಗೂ ಬೇಡ. ಶಾಲೆಗೆ ಹೋಗುವ ಮಕ್ಕಳಿದ್ದರೆ, ಪರೀಕ್ಷೆ ಮುಗಿದ ಮೇಲೆ ಮೊದಲು ರಂಗನತಿಟ್ಟು, ಶ್ರೀರಂಗಪಟ್ಟಣ. ವಯಸ್ಸಾದವರ ಜೊತೆ ಲಾಲ್‌ಬಾಗು, ಭೋಗನಂದೀಶ್ವರ. ದೇವರ ದರ್ಶನವೂ ಆಗಬೇಕು, ಹೊಳೆಯೂ ಬೇಕು ಅಂದರೆ ಗಂಜಾಮಿನ ನಿಮಿಷಾಂಬ ಗುಡಿ, ಅಲ್ಲಿ ಕಾವೇರಿಗೆ ಮೆಟ್ಟಿಲು ಇಳಿದೇ ಹೋಗಬಹುದು. ಇಪ್ಪತ್ತರ ಹುಡುಗರು, ಹುಡುಗಿಯರು ಸಾವನದುರ್ಗ ಹತ್ತಿ, ಆದರೆ ಫೆಬ್ರವರಿಯಲ್ಲಿ ಹತ್ತಿ, ಒಂಬತ್ತರೊಳಗೆ ಇಳಿದುಬಿಡಿ. ಒಬ್ಬರೇ ಹೋಗುವವರಿಗೆ ಜಕ್ಕೂರು ಕೆರೆ ಬೆಳಗ್ಗೆ, ಅಥವಾ ರೈಲಿನಲ್ಲಿ ಶ್ರೀರಂಗಪಟ್ಟಣ. ಬೆಟ್ಟಕ್ಕೆ ಒಬ್ಬರೇ ಬೇಡ.

ಒಂದೇ ಒಂದು ದಿನ ಸಿಗೋದು, ಎಲ್ಲರೂ ಬರುತ್ತಾರೆ, ಯಾವುದನ್ನು ಆರಿಸಲಿ ಅಂದರೆ ಮಾರ್ಚ್ ತಿಂಗಳ ಶನಿವಾರ ಶ್ರೀರಂಗಪಟ್ಟಣ. ಬೆಳಗ್ಗೆ ಹಕ್ಕಿ, ಮಧ್ಯಾಹ್ನ ನೆರಳು, ಸಂಜೆ ನೀರು, ಮೂರೂ ಒಂದೇ ಕಡೆ ಸಿಗುವ ಜಾಗ ಬೆಂಗಳೂರಿನ ಹತ್ತಿರ ಬೇರೆ ಇಲ್ಲ.

ಹೊರಡುವ ಹಿಂದಿನ ರಾತ್ರಿ ಮಾಡಿಟ್ಟುಕೊಳ್ಳುವ ಕೆಲಸ ಸ್ವಲ್ಪ ಇದೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಳ್ಳಿ, ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ ಕಲಸಿ, ಮಧ್ಯಾಹ್ನದ ಹೊತ್ತಿಗೆ ಹುಳಿ ಬರಲ್ಲ. ಟೋಪಿ ಅಥವಾ ಛತ್ರಿ ಇರಲಿ. ನೀರು ಮನೆಯಿಂದ, ಸ್ಟೀಲ್ ಬಾಟಲಿಯಲ್ಲಿ. ದಾರಿಯಲ್ಲಿ ಎಳನೀರು, ಕಲ್ಲಂಗಡಿ ಸಿಗುತ್ತದೆ, ಕತ್ತರಿಸಿಟ್ಟ ಹಣ್ಣು ಬೇಡ, ಕಣ್ಣೆದುರು ಕತ್ತರಿಸಿಕೊಟ್ಟರೆ ತಿನ್ನಿ. ಕಸಕ್ಕೆ ಒಂದು ಚೀಲ ಇಟ್ಟುಕೊಂಡು ಮನೆಗೇ ವಾಪಸ್ ತನ್ನಿ.

ಏಪ್ರಿಲ್‌ನಲ್ಲಿ ಹೋಗುವವರಿಗೆ ಮಾವಿನ ಕಾಲದ ಮಳೆಯ ಲೆಕ್ಕವೂ ಇರಬೇಕು. ಮಧ್ಯಾಹ್ನ ಸುಡು ಬಿಸಿಲಿದ್ದು ಸಂಜೆ ಇದ್ದಕ್ಕಿದ್ದ ಹಾಗೆ ಗುಡುಗು, ಸಿಡಿಲು, ಗಾಳಿ ಬರುತ್ತದೆ. ಆ ಹೊತ್ತಿಗೆ ಬಂಡೆ ತುದಿಯಲ್ಲೂ ಇರಬಾರದು, ಹೊಳೆ ನಡುವೆಯೂ ಇರಬಾರದು, ಊರಿನಲ್ಲಾದರೆ ಗುಲ್‌ಮೊಹರ್ ಮರದ ಕೆಳಗೆ ಗಾಡಿ ನಿಲ್ಲಿಸಬಾರದು, ಕೊಂಬೆ ಬೇಗ ಮುರಿಯುತ್ತದೆ. ಭಾನುವಾರ ಸಂಜೆ ಮೈಸೂರು ಕಡೆಯಿಂದ ವಾಪಸ್ ಬರುವವರು ಆರರೊಳಗೆ ಶ್ರೀರಂಗಪಟ್ಟಣ ಬಿಡಿ, ಇಲ್ಲ ಊಟ ಅಲ್ಲೇ ಮುಗಿಸಿ ನಿಧಾನಕ್ಕೆ ಹೊರಡಿ. ಮಧ್ಯದಲ್ಲಿ ಹೊರಟರೆ ಎಕ್ಸ್‌ಪ್ರೆಸ್‌ವೇ ಬೇಗ ಮುಗಿಯುತ್ತದೆ, ಕೆಂಗೇರಿಯಿಂದ ಮುಂದೆ ಟ್ರಾಫಿಕ್ಕಿನಲ್ಲಿ ಕೂರುತ್ತೀರಿ.